ಹಳೆಯ ಹೊಲಿಗೆ ಇರುವ ಹೊಟ್ಟೆ ನೋಯುವಾಗ

ಸಿಸೇರಿಯನ್, ಅಪೆಂಡಿಕ್ಸ್, ಗರ್ಭಕೋಶ ತೆಗೆಸಿದ್ದು. ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿ ಸೀಮೆಯಲ್ಲೂ ಹೊಟ್ಟೆಯ ಮೇಲೆ ಹೊಲಿಗೆಯ ಗುರುತಿರುವವರು ಬೀದಿಗೆ ಹಲವರು. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಲೆಕ್ಕದಲ್ಲಿ ರಾಜ್ಯದ ಹೆರಿಗೆಗಳಲ್ಲಿ ಸುಮಾರು ಶೇ. 31 ಸಿಸೇರಿಯನ್. ಹೊರಗಿನ ಗಾಯ ಮಾಯುತ್ತದೆ; ಒಳಗೆ ನಾರಿನಂಥ ಪಟ್ಟಿಗಳು ಬೆಳೆದು ಕರುಳಿನ ಸುರುಳಿಗಳು ಅಂಟಿಕೊಳ್ಳುತ್ತವೆ. ಬಹುಪಾಲು ಜನರಿಗೆ ಅದರಿಂದ ಬಾಧೆಯಿಲ್ಲ. ಕೆಲವರಿಗೆ, ಹತ್ತಿಪ್ಪತ್ತು ವರ್ಷದ ಮೇಲೂ, ಕರುಳು ಮಡಚಿ ದಾರಿ ಮುಚ್ಚುತ್ತದೆ.

ಆಗ ಹೊಟ್ಟೆ ಬಿಟ್ಟುಬಿಟ್ಟು ಹಿಂಡುತ್ತದೆ, ಉಬ್ಬುತ್ತದೆ, ವಾಂತಿ ಹಸಿರಾಗುತ್ತದೆ, ಗಾಳಿಯೂ ಹೋಗುವುದಿಲ್ಲ.

ಮನೆಯಲ್ಲಿ ಅದಕ್ಕೆ ‘ಗ್ಯಾಸ್ಟ್ರಿಕ್’ ಎಂದು ಹೆಸರಿಟ್ಟು ಸೋಡಾ, ಕಷಾಯ, ಕೊನೆಗೆ ಹರಳೆಣ್ಣೆ ಕುಡಿಸುತ್ತಾರೆ. ದಯವಿಟ್ಟು ಬೇಡ. ಸಿಕ್ಕಾದ ಎಳೆಯನ್ನು ಜಗ್ಗಿದರೆ ಏನಾಗುತ್ತದೆಂದು ರೇಷ್ಮೆ ನೂಲು ಬಿಚ್ಚುವ ರಾಮನಗರದವರಿಗೆ ಹೇಳಿಕೊಡಬೇಕಿಲ್ಲ. ಮುಚ್ಚಿದ ಕರುಳನ್ನು ಭೇದಿ ಔಷಧಿಯಿಂದ ದೂಡಿದರೆ ಅದು ಇನ್ನಷ್ಟು ಉಬ್ಬಿ ತೂತುಬೀಳುವ ಅಪಾಯವಿದೆ.

ಮತ್ತೆ ಕೊಯ್ಯುತ್ತಾರೆಂಬ ಭಯಕ್ಕೆ ಎಷ್ಟೋ ಜನ ಆಸ್ಪತ್ರೆಗೆ ತಡವಾಗಿ ಬರುತ್ತಾರೆ. ಆದರೆ ಕೊಯ್ದರೆ ಹೊಸ ಅಂಟು ಬೆಳೆಯುತ್ತದೆಂದು ಸರ್ಜನ್ನರಿಗೂ ಗೊತ್ತು. ಸಾಧ್ಯವಾದಷ್ಟೂ ಅವರೇ ಕಾಯುತ್ತಾರೆ. ಹೀಗೆ ಅಂಟಿನಿಂದ ಕರುಳು ಮುಚ್ಚಿದಾಗಿನ ಚಿಕಿತ್ಸೆಗೆಂದೇ ಇರುವ, 2017ರಲ್ಲಿ ಪರಿಷ್ಕರಿಸಿದ ಬೊಲೋನ್ಯಾ ಮಾರ್ಗಸೂಚಿಯ ಪ್ರಕಾರ, ಕರುಳಿಗೆ ರಕ್ತ ಹರಿಯುವುದು ನಿಲ್ಲದಿದ್ದರೆ ನೂರಕ್ಕೆ 70ರಿಂದ 90 ಮಂದಿ ಆಪರೇಷನ್ ಇಲ್ಲದೆಯೇ ಚೇತರಿಸಿಕೊಳ್ಳುತ್ತಾರೆ. ಬಾಯಿಗೆ ಏನೂ ಕೊಡದೆ, ಮೂಗಿನಿಂದ ಹೊಟ್ಟೆಗೆ ನಳಿಕೆ ಇಳಿಸಿ ಒಳಗೆ ತುಂಬಿದ್ದನ್ನು ಹೊರತೆಗೆಯುತ್ತಾರೆ. ಡ್ರಿಪ್ಪಿನಲ್ಲಿ ನೀರು, ಉಪ್ಪು, ಪೊಟ್ಯಾಸಿಯಂ. ಕೆಲವೊಮ್ಮೆ ಗ್ಯಾಸ್ಟ್ರೋಗ್ರಾಫಿನ್ ಎಂಬ ದ್ರವ ಹಾಕಿ ಎಕ್ಸ್‌ರೇ ತೆಗೆಯುತ್ತಾರೆ. 24 ಗಂಟೆಯೊಳಗೆ ಅದು ದೊಡ್ಡ ಕರುಳು ತಲುಪಿದರೆ ದಾರಿ ತೆರೆಯುತ್ತಿದೆ ಎಂದರ್ಥ. ಸಾಮಾನ್ಯವಾಗಿ 72 ಗಂಟೆವರೆಗೆ ಕಾಯಬಹುದು.

ಆ ಮೂರು ದಿನ ಮನೆಯವರಿಗೆ ಕಷ್ಟ. ‘ಬರೀ ಗ್ಲೂಕೋಸ್ ಹಾಕಿ ಮಲಗಿಸವ್ರೆ’ ಎಂದು ಬಿಡಿಸಿಕೊಂಡು ಹೋಗಬೇಡಿ. ಗಂಟಲೊಣಗಿದೆಯೆಂದು ಮರೆಯಲ್ಲಿ ಗಂಜಿ ಕುಡಿಸಬೇಡಿ. ಆ ನಳಿಕೆ ಹಿಂಸೆ ನಿಜ, ಆದರೆ ಚಿಕಿತ್ಸೆ ಅದೇ.

ಆದರೆ ನೋವು ಬಿಡುವಿಲ್ಲದೆ ಉಳಿದರೆ, ಜ್ವರ ಬಂದರೆ, ನಾಡಿ ಓಡಿದರೆ, ಇಲ್ಲವೇ ಹೊಟ್ಟೆ ಹಲಗೆಯಂತೆ ಗಟ್ಟಿಯಾದರೆ ಕಾಯುವಂತಿಲ್ಲ. ಆಗ ಡಾಕ್ಟರು ಆಪರೇಷನ್ ಎಂದರೆ ಒಪ್ಪಿಕೊಳ್ಳಿ.

ಇಂಥ ನೋವು ಶುರುವಾದರೆ ಹತ್ತಿರದ ತಾಲ್ಲೂಕು ಆಸ್ಪತ್ರೆಗೋ ರಾಮನಗರದ ಜಿಲ್ಲಾ ಆಸ್ಪತ್ರೆಗೋ ಬೇಗ ಹೊರಡಿ. ಗಾಡಿಯಿಲ್ಲದಿದ್ದರೆ 108ಕ್ಕೆ ಕರೆ ಮಾಡಿ. ಹಳೆಯ ಡಿಸ್ಚಾರ್ಜ್ ಚೀಟಿಯನ್ನು ರೇಷನ್ ಕಾರ್ಡಿನ ಜೊತೆ ಜೋಪಾನವಾಗಿಡಿ. ಯಾವ ಆಪರೇಷನ್, ಯಾವ ವರ್ಷ ಎಂದು ಅಲ್ಲಿ ಕೇಳುತ್ತಾರೆ.