ಉಸಿರಿನ ಲೆಕ್ಕ

ಬೆಳಗಿನ ಜಾವ ನಾಲ್ಕು ಗಂಟೆ. ಮೈಸೂರಿನಿಂದ ನಂಜನಗೂಡಿಗೆ ಹೋಗುವ ಹೆದ್ದಾರಿಯಲ್ಲಿ ವಾಹನಗಳ ಸದ್ದು ಇನ್ನೂ ವಿರಳ. ಕಡಕೊಳದ ಮನೆಯೊಂದರಲ್ಲಿ ಅರವತ್ತರ ಅಂಚಿನ ಗೃಹಿಣಿಯೊಬ್ಬರು ಹಾಸಿಗೆಯ ಮೇಲೆ ಎದ್ದು ಕುಳಿತಿದ್ದಾರೆ. ಮಲಗಿದರೆ ಉಸಿರು ಕಟ್ಟುತ್ತದೆ. ಮುಂದಕ್ಕೆ ಬಾಗಿ, ಎರಡು ಕೈಗಳನ್ನೂ ಮೊಳಕಾಲ ಮೇಲೆ ಊರಿ ಕುಳಿತರೆ ಕೊಂಚ ನೆಮ್ಮದಿ. ಎದೆಯೊಳಗೆ ಸುಯ್ ಸುಯ್ ಎಂಬ ಸದ್ದು. ಸೊಸೆ ಬಿಸಿನೀರು ತಂದುಕೊಟ್ಟು ಬೆನ್ನು ನೀವುತ್ತಾಳೆ.

"ಆ ಸೇದುವ ಔಷಧಿ ಎಲ್ಲಿಟ್ಟಿದ್ದೀರಿ ಅತ್ತೆ?"

"ನಿಲ್ಲಿಸಿಬಿಟ್ಟೆ ಕಣಮ್ಮ. ಚೀನಾ ವೈದ್ಯ ಬಲ್ಲವರು ಹೇಳಿದರಲ್ಲ, ನನ್ನದು ದುಃಖದಿಂದ ಬಂದ ಕಾಯಿಲೆಯಂತೆ. ಅದಕ್ಕೆ ಔಷಧಿ ಸೇದಿ ಏನು ಪ್ರಯೋಜನ?"

ಯಜಮಾನರು ತೀರಿಕೊಂಡು ಇನ್ನೂ ವರ್ಷ ತುಂಬಿಲ್ಲ. ಸೊಸೆಗೆ ಉತ್ತರ ತೋಚದು. ಊರಿನ ಹೆಸರನ್ನು ಬದಲಾಯಿಸಿದರೆ ಈ ಚಿತ್ರ ಎಷ್ಟೋ ಮನೆಗಳದ್ದಾದೀತು. ಹಾಗೆ ಹೇಳಿದವರು ಸುಳ್ಳಾಡಿದರೆಂದಲ್ಲ. ಚೀನೀ ವೈದ್ಯದಲ್ಲಿ ಅಂಥ ಮಾತೊಂದು ಇದ್ದೇ ಇದೆ. ಆದರೆ ಅದರ ಅರ್ಥವೇನು, ಅದನ್ನು ಎಲ್ಲಿಯವರೆಗೆ ಅನುಸರಿಸಬಹುದು ಎಂಬುದನ್ನು ಅರಿಯದಿದ್ದರೆ ಜೀವಕ್ಕೇ ಸಂಚಕಾರ ಒದಗುವ ಸಂಭವವುಂಟು.

ದಿವಾನನಂಥ ಅಂಗ

ಚೀನೀ ವೈದ್ಯದ ಮೂಲಗ್ರಂಥವಾದ ‘ಹುವಾಂಗ್‌ದಿ ನೈಜಿಂಗ್’ ಸುಮಾರು ಎರಡು ಸಾವಿರ ವರ್ಷಗಳಷ್ಟು ಹಳೆಯದು. ಅದರ ದೃಷ್ಟಿಯಲ್ಲಿ ದೇಹವೊಂದು ರಾಜ್ಯ; ಹೃದಯ ಅದರ ದೊರೆ; ಶ್ವಾಸಕೋಶ ದೊರೆಯ ಪಕ್ಕದ ಮಂತ್ರಿ. ಮೈಸೂರಿನವರ ಬಾಯಲ್ಲಿ ಹೇಳುವುದಾದರೆ ದಿವಾನ. ‘ಚೀ’ ಎಂಬ ಪ್ರಾಣಶಕ್ತಿಯನ್ನು ಗಾಳಿಯಿಂದ ಪಡೆದು ಮೈಯೆಲ್ಲಕ್ಕೂ ಹಂಚುವುದು, ನೀರಿನಂಶವನ್ನು ಕೆಳಮುಖವಾಗಿ ಹರಿಸುವುದು, ಚರ್ಮವನ್ನೂ ರೋಮವನ್ನೂ ಬಲಪಡಿಸಿ ಹೊರಗಿನ ಶೀತ ಒಳನುಗ್ಗದಂತೆ ಕಾಯುವುದು ಈ ದಿವಾನನ ಕೆಲಸಗಳು. ಮೂಗು ಅದರ ಬಾಗಿಲು; ದೊಡ್ಡ ಕರುಳು ಅದರ ಜೊತೆಗಾರ; ಲೋಹ ಅದರ ಧಾತು; ಶರತ್ಕಾಲ ಅದರ ಋತು; ಶೋಕ ಅದರ ಭಾವ. ಬೆಳಗಿನ ಜಾವ ಮೂರರಿಂದ ಐದರವರೆಗಿನ ಹೊತ್ತು ಅದರದು.

ಇಲ್ಲಿ ಹೇಳುವ ‘ಶ್ವಾಸಕೋಶ’ ಶಸ್ತ್ರವೈದ್ಯರು ಎದೆ ಬಿಚ್ಚಿ ಕಾಣುವ ಅಂಗ ಮಾತ್ರವಲ್ಲ. ಉಸಿರಿಗೆ ಸಂಬಂಧಿಸಿದ ಹಲವು ವ್ಯಾಪಾರಗಳನ್ನು ಒಟ್ಟುಗೂಡಿಸಿ ಇಟ್ಟ ಹೆಸರು. ಆದ್ದರಿಂದ ಚೀನೀ ವೈದ್ಯ ‘ಶ್ವಾಸಕೋಶದ ಸಮತೋಲ ತಪ್ಪಿದೆ’ ಎಂದಾಗ ಅದು ಎಕ್ಸ್‌ರೇಯಲ್ಲಿ ಕಾಣುವ ರೋಗವೇ ಆಗಿರಬೇಕಾಗಿಲ್ಲ.

ಅಸಮತೋಲದಲ್ಲೂ ಅವರು ಬಗೆಗಳನ್ನು ಎಣಿಸುತ್ತಾರೆ. ಧ್ವನಿ ಕುಗ್ಗಿ, ಸುಮ್ಮನೆ ಬೆವರು ಬಂದು, ನಾಲ್ಕು ಮೆಟ್ಟಿಲು ಹತ್ತಿದರೆ ಏದುಸಿರಾದರೆ ಅದು ಚೀ ಶಕ್ತಿಯ ಕೊರತೆ. ಒಣಕೆಮ್ಮು, ಸಂಜೆಯ ಜ್ವರ, ರಾತ್ರಿಯ ಬೆವರು ಇದ್ದರೆ ‘ಯಿನ್’ ಎಂಬ ತಂಪಿನ ಅಂಶದ ಕೊರತೆ. ಚಳಿ, ನೆಗಡಿ, ತೆಳುವಾದ ಬಿಳಿ ಕಫ ಕಂಡರೆ ಶೀತವಾಯುವಿನ ದಾಳಿ. ಎದೆ ಬಿಗಿದು ಹೇರಳವಾಗಿ ಕಫ ಬಂದರೆ ತೇವದ ದೋಷ. ಈ ಕಡೆಯದಕ್ಕೆ ಅವರು ಜೀರ್ಣಾಂಗಗಳನ್ನು ಹೊಣೆ ಮಾಡುತ್ತಾರೆ. ಕಫ ಹುಟ್ಟುವುದು ಅಲ್ಲಿ, ಎದೆ ಅದರ ಉಗ್ರಾಣ ಮಾತ್ರ ಎಂಬುದು ಅವರ ಮತ.

ಚಿಕಿತ್ಸೆಯೂ ಹೀಗೆಯೇ ಬೇರೆ ಬೇರೆ. ಕೊರತೆಯಿದ್ದಲ್ಲಿ ತುಂಬಬೇಕು, ಶೀತವನ್ನು ಹೊರಹಾಕಬೇಕು, ಒಣಗಿದ್ದನ್ನು ನೆನೆಸಬೇಕು. ಒಣಕೆಮ್ಮಿಗೆ ಮರಸೇಬನ್ನು ಕಲ್ಲುಸಕ್ಕರೆಯೊಡನೆ ಬೇಯಿಸಿ ಕೊಡುವುದು ಚೀನೀ ಮನೆಗಳ ಹಳೆಯ ರೂಢಿ. ಸೂಜಿಚಿಕಿತ್ಸೆಯೂ ಉಂಟು. 1938ರಲ್ಲಿ ಚೀನಾಕ್ಕೆ ತೆರಳಿದ ಐವರು ಭಾರತೀಯ ವೈದ್ಯರ ತಂಡದಲ್ಲಿ ಸೊಲ್ಲಾಪುರದ ಡಾಕ್ಟರ್ ಕೋಟ್ನೀಸ್ ಅವರು 1942ರಲ್ಲಿ ಅಲ್ಲಿಯೇ ತೀರಿಕೊಂಡರು. ಅದೇ ತಂಡದ ಡಾಕ್ಟರ್ ಬಸು ಅವರು ಮುಂದೆ ಈ ಸೂಜಿವಿದ್ಯೆಯನ್ನು ಕಲಿತು ಭಾರತಕ್ಕೆ ತಂದರು. ಆದರೆ ಆಸ್ತಮಾವನ್ನು ಸೂಜಿ ಗುಣಪಡಿಸುತ್ತದೆಂಬುದಕ್ಕೆ ಇದುವರೆಗಿನ ಅಧ್ಯಯನಗಳಿಂದ ಭದ್ರವಾದ ಆಧಾರ ದೊರೆತಿಲ್ಲ.

ಚರಕನ ತಮಕಶ್ವಾಸ

ಈ ಮಾತುಗಳು ಕನ್ನಡದ ಮನೆಗಳಿಗೆ ತೀರ ಹೊಸವೇನಲ್ಲ. 1908ರಿಂದಲೇ ಆಯುರ್ವೇದದ ಪಾಠ ನಡೆಯುತ್ತ ಬಂದ ನಗರ ಮೈಸೂರು. ಕಡಕೊಳದಿಂದ ಮುಂದಕ್ಕೆ ಹೋದರೆ ಸಿಗುವ ನಂಜನಗೂಡಂತೂ ಹಲ್ಲುಪುಡಿಯ ಮೂಲಕವೇ ಮನೆಮನೆಗೂ ಪರಿಚಿತ. ಚರಕಸಂಹಿತೆ ಐದು ಬಗೆಯ ಶ್ವಾಸರೋಗಗಳನ್ನು ಹೇಳಿ, ಅವುಗಳಲ್ಲಿ ‘ತಮಕಶ್ವಾಸ’ವನ್ನು ವರ್ಣಿಸುವ ಬಗೆ ಬೆರಗು ಹುಟ್ಟಿಸುವಂಥದು: ರೋಗಿಗೆ ಮಲಗಿದರೆ ಸಂಕಟ, ಕುಳಿತರೆ ಸುಖ; ಮೋಡ, ಮಳೆ, ಶೀತ, ಮೂಡಣ ಗಾಳಿಗಳಿಂದ ಉಲ್ಬಣ. ಇಂದಿನ ವೈದ್ಯರು ಆಸ್ತಮಾ ಎನ್ನುವ ರೋಗಕ್ಕೂ ಇದಕ್ಕೂ ಸಾಮ್ಯ ಸ್ಪಷ್ಟವಾಗಿದೆ. ಕಫ ವಾತಗಳ ಈ ವ್ಯಾಧಿಯ ಮೂಲವನ್ನು ಚರಕನೂ ಎದೆಯಲ್ಲಲ್ಲ, ಪಿತ್ತಸ್ಥಾನದಲ್ಲಿ, ಅಂದರೆ ಹೊಟ್ಟೆಯ ಕಡೆಗೆ, ಗುರುತಿಸುತ್ತಾನೆ.

ಹಾಗೆಂದು ಎರಡೂ ಒಂದೇ ಎಂದು ಭ್ರಮಿಸಲಾಗದು. ಚೀನೀಯರ ಶ್ವಾಸಕೋಶಕ್ಕೆ ಶರತ್ಕಾಲದ ಒಣಹವೆ ವೈರಿ. ಆಯುರ್ವೇದದಲ್ಲಿ ಕಫ ಕೆರಳುವ ಕಾಲ ವಸಂತ. ಆದರೂ ಎರಡರಲ್ಲಿ ಸಮಾನವಾದ ವಿವೇಕವೊಂದಿದೆ: ಉಸಿರು ತಪ್ಪಿದವನನ್ನು ಕಂಡಾಗ ಎದೆಯನ್ನು ಮಾತ್ರ ನೋಡಬೇಡಿ; ಅವನು ಉಂಡದ್ದೇನು, ಮಲಗಿದ್ದೆಲ್ಲಿ, ಅತ್ತದ್ದು ಯಾವಾಗ ಎಂದೂ ಕೇಳಿ. ಈ ವಿವೇಕವನ್ನು ಇಂದಿನ ವಿಜ್ಞಾನವೂ ಅಲ್ಲಗಳೆಯುವುದಿಲ್ಲ. ತೀವ್ರವಾದ ದುಃಖ ಆಸ್ತಮಾವನ್ನು ಕೆರಳಿಸಬಲ್ಲದು. ಆಸ್ತಮಾ ರೋಗಿಯ ಶ್ವಾಸನಾಳಗಳು ಬೆಳಗಿನ ಜಾವ ನಾಲ್ಕರ ಸುಮಾರಿಗೆ ಅತ್ಯಂತ ಕಿರಿದಾಗುತ್ತವೆ ಎಂಬುದೂ ಅಳೆದು ಕಂಡ ಸಂಗತಿ. ಆದರೆ ಕೆರಳಿಸುವುದು ಬೇರೆ, ರೋಗವೇ ಅದಾಗಿರುವುದು ಬೇರೆ. ಊದಿಕೊಂಡ ಶ್ವಾಸನಾಳಗಳು ದುಃಖ ಶಮನವಾದ ಮಾತ್ರಕ್ಕೆ ತೆರೆದುಕೊಳ್ಳುವುದಿಲ್ಲ.

ಗಿಡದಿಂದ ಗುಳಿಗೆಗೆ

ಹಳೆಯ ವೈದ್ಯವನ್ನು ಹೀಗಳೆಯುವವರು ತಿಳಿಯಬೇಕಾದ ಸಂಗತಿಯೂ ಉಂಟು. ಚೀನೀಯರು ಉಬ್ಬಸಕ್ಕೆ ಬಳಸುತ್ತಿದ್ದ ‘ಮಾ ಹುವಾಂಗ್’ ಎಂಬ ಗಿಡದಿಂದ ಜಪಾನಿನ ನಾಗಾಯಿ ಎಂಬ ವಿಜ್ಞಾನಿ 1885ರಲ್ಲಿ ಎಫೆಡ್ರಿನ್ ಎಂಬ ಸತ್ತ್ವವನ್ನು ಬೇರ್ಪಡಿಸಿದರು. 1924ರಲ್ಲಿ ಪೀಕಿಂಗಿನ ವೈದ್ಯಕೀಯ ಕಾಲೇಜಿನಲ್ಲಿದ್ದ ಚೆನ್ ಮತ್ತು ಶ್ಮಿಟ್ ಅದರ ಗುಣವನ್ನು ಪ್ರಕಟಿಸಿದ ಮೇಲೆ ಅದು ಲೋಕದ ಎಲ್ಲೆಡೆ ಆಸ್ತಮಾದ ಔಷಧವಾಯಿತು. ಮೈಸೂರು ಸೀಮೆಯ ಬೇಲಿಗಳಲ್ಲಿ ಬೆಳೆಯುವ ಆಡುಸೋಗೆಯ ಕಥೆಯೂ ಇಂಥದೇ: ಅದರ ವ್ಯಾಸಿಸಿನ್ ಎಂಬ ಸತ್ತ್ವವನ್ನು ಮಾದರಿಯಾಗಿಟ್ಟುಕೊಂಡೇ ಕಫ ಕರಗಿಸುವ ಬ್ರೋಮ್‌ಹೆಕ್ಸಿನ್ ರೂಪುಗೊಂಡಿತು.

ಆದರೆ ಗುಣವಿದ್ದಲ್ಲಿ ದೋಷವೂ ಇದ್ದೀತು. ಎಫೆಡ್ರಿನ್ ರಕ್ತದ ಒತ್ತಡವನ್ನು ಏರಿಸುತ್ತದೆ, ಎದೆಬಡಿತವನ್ನು ಕೆಡಿಸುತ್ತದೆ. ಆ ಗಿಡ ಬೆರೆತ ಪೋಷಕ ಪುಡಿ ಗುಳಿಗೆಗಳನ್ನು ಅಮೆರಿಕ 2004ರಲ್ಲಿ ನಿಷೇಧಿಸಿತು. ಆಡುಸೋಗೆ ಗರ್ಭಿಣಿಯರಿಗೆ ತಕ್ಕದ್ದಲ್ಲ. ಎರಡೂ ದೇಶಗಳ ಕಷಾಯಗಳಲ್ಲಿ ಬೀಳುವ ಅತಿಮಧುರವನ್ನೂ ಬಹುಕಾಲ ಸೇವಿಸಿದರೆ ರಕ್ತದ ಒತ್ತಡ ಏರುತ್ತದೆ. ‘ಗಿಡಮೂಲಿಕೆಯಲ್ಲವೆ, ಏನಾದೀತು?’ ಎಂಬ ಮಾತಿಗೆ ಇದೇ ಉತ್ತರ.

ಒಲೆಯ ಮುಂದಿನ ಗುಣಾಕಾರ

ಇನ್ನು, ಆ ಗೃಹಿಣಿಯನ್ನು ಯಾರೂ ಕೇಳದೆ ಹೋದ ಪ್ರಶ್ನೆಯೊಂದಿದೆ: ಸೌದೆ ಒಲೆಯ ಮುಂದೆ ಎಷ್ಟು ವರ್ಷ ಕುಳಿತಿರಿ?

ಮೈಸೂರಿನ ವೈದ್ಯರು ಈ ಜಿಲ್ಲೆಯ ಹಳ್ಳಿಗಳ ಹೆಂಗಸರನ್ನು ಪರೀಕ್ಷಿಸಿ 2013ರಲ್ಲಿ ಪ್ರಕಟಿಸಿದ ಅಧ್ಯಯನವೊಂದು ಇದಕ್ಕೆ ಲೆಕ್ಕವನ್ನೇ ಕೊಡುತ್ತದೆ. ದಿನಕ್ಕೆ ಎಷ್ಟು ಗಂಟೆ ಒಲೆಯ ಹೊಗೆಯಲ್ಲಿ ಕಳೆದರೋ ಅದನ್ನು ವರ್ಷಗಳಿಂದ ಗುಣಿಸಬೇಕು. ಗುಣಲಬ್ಧ 60 ಮುಟ್ಟಿದರೆ ದೀರ್ಘಕಾಲದ ಕಫಕೆಮ್ಮಿನ ಅಪಾಯ ಗಣನೀಯವಾಗುತ್ತದೆ ಎಂದು ಅವರು ಕಂಡರು. ದಿನಕ್ಕೆ ಮೂರು ಗಂಟೆಯಂತೆ ಇಪ್ಪತ್ತು ವರ್ಷ ಅಡಿಗೆ ಮಾಡಿದರೆ ಅಷ್ಟಾಯಿತು. ಹದಿನೆಂಟರಲ್ಲಿ ಮದುವೆಯಾಗಿ ಬಂದವಳಿಗೆ ಮೂವತ್ತೆಂಟಕ್ಕೆ ಆ ಲೆಕ್ಕ ತುಂಬಿಬಿಡುತ್ತದೆ! ಅಡಿಗೆಗೆ ಗ್ಯಾಸ್ ಬಂದರೂ ಸ್ನಾನದ ಹಂಡೆಗೆ ಇಂದಿಗೂ ಸೌದೆ ಉರಿಸುವ ಮನೆಗಳಿವೆ. ಬೀಡಿ ಸಿಗರೇಟನ್ನು ಮುಟ್ಟದ ಹೆಂಗಸರಿಗೂ ಉಸಿರಾಟದ ರೋಗ ಬರುವುದೇಕೆಂಬುದಕ್ಕೆ ಇದೊಂದು ಮುಖ್ಯ ಕಾರಣ. ಉಸಿರಿನ ಅಸಮತೋಲವನ್ನು ಹುಡುಕುವವರು ಹಂಡೆಯ ಒಲೆಯ ಕಡೆಗೂ ಕಣ್ಣು ಹಾಯಿಸಬೇಕಾಗಿದೆ.

ಮರೆಯಬಾರದ ಮತ್ತೊಂದು ಸಂಗತಿ ಕ್ಷಯ. ಚೀನೀಯರು ‘ಯಿನ್’ ಕೊರತೆಗೆ ಹೇಳುವ ಒಣಕೆಮ್ಮು, ಸಂಜೆಯ ಜ್ವರ, ರಾತ್ರಿಯ ಬೆವರುಗಳು ಕ್ಷಯದ ಲಕ್ಷಣಗಳೂ ಹೌದು. ಈ ರೋಗ ಅರಮನೆಯನ್ನೂ ಬಿಡಲಿಲ್ಲ. ನಾಲ್ವಡಿ ಕೃಷ್ಣರಾಜ ಒಡೆಯರ ಸೋದರಿ ಕೃಷ್ಣಾಜಮ್ಮಣ್ಣಿಯವರು ಅದಕ್ಕೆ ಬಲಿಯಾದರು. ಅವರ ಹೆಸರಿನ ಕ್ಷಯರೋಗ ಆಸ್ಪತ್ರೆ ಮೈಸೂರಿನ ಕೃಷ್ಣರಾಜಸಾಗರದ ರಸ್ತೆಯಲ್ಲಿದೆ. ಅಂದು ಅರಮನೆಯ ಐಶ್ವರ್ಯಕ್ಕೂ ದಕ್ಕದಿದ್ದ ಔಷಧ ಇಂದು ಸರ್ಕಾರಿ ಆಸ್ಪತ್ರೆಯಲ್ಲಿ ಬಡವರಿಗೂ ಉಚಿತವಾಗಿ ದೊರೆಯುತ್ತದೆ. ಎರಡು ವಾರ ಮೀರಿದ ಕೆಮ್ಮಿಗೆ ಮರಸೇಬನ್ನೋ ಕಷಾಯವನ್ನೋ ನೆಚ್ಚಿ ಕೂರದೆ ಮೊದಲು ಕಫವನ್ನು ಪರೀಕ್ಷೆ ಮಾಡಿಸಬೇಕು.

ಮನೆಯವರು ಮಾಡಬೇಕಾದದ್ದು

ಮೊದಲನೆಯದಾಗಿ, ವೈದ್ಯರನ್ನು ಕೇಳದೆ ಸೇದುವ ಔಷಧಿಯನ್ನು ನಿಲ್ಲಿಸಲಾಗದು. ಅದು ಚಟ ಹಿಡಿಸುತ್ತದೆಂಬ ಭಯ ನಿರಾಧಾರ. ಸಾಲ್ಬುಟಮಾಲ್ ಗುಳಿಗೆಯಲ್ಲಿ 2 ಅಥವಾ 4 ಮಿಲಿಗ್ರಾಂ ಔಷಧವಿದ್ದರೆ ಒಂದು ಸೇದುವಿಕೆಯಲ್ಲಿ 100 ಮೈಕ್ರೋಗ್ರಾಂ ಮಾತ್ರ, ಅಂದರೆ ಗುಳಿಗೆಯ ಇಪ್ಪತ್ತನೆಯ ಅಥವಾ ನಲವತ್ತನೆಯ ಒಂದು ಪಾಲು. ನೇರವಾಗಿ ಬೇಕಾದಲ್ಲಿಗೇ ಹೋಗುವುದರಿಂದ ಅಷ್ಟೇ ಸಾಕು. ಸಂಕಟದ ಹೊತ್ತಿಗೆ ಬೇಕಾದದ್ದು ಒಂದು, ನಿತ್ಯವೂ ಸೇದಿ ಊತವನ್ನು ಅಡಗಿಸುವುದು ಇನ್ನೊಂದು. ಎರಡರ ವ್ಯತ್ಯಾಸವನ್ನು ಮನೆಯವರೆಲ್ಲರೂ ಅರಿತಿರಬೇಕು. ನಿತ್ಯದ್ದನ್ನು ಸೇದಿದ ಬಳಿಕ ಬಾಯಿ ಮುಕ್ಕಳಿಸುವುದು ಅಗತ್ಯ.

ಎರಡನೆಯದಾಗಿ, ಕೊಳವೆಯಲ್ಲಿ ಜೋರಾಗಿ ಊದಿಸಿ ಉಸಿರನ್ನು ಅಳೆಯುವ ಪರೀಕ್ಷೆಯನ್ನು ಒಮ್ಮೆಯಾದರೂ ಮಾಡಿಸಬೇಕು. ಆಸ್ತಮಾವೋ ಹೊಗೆಯಿಂದ ಬಂದ ವ್ಯಾಧಿಯೋ ಎಂಬುದನ್ನು ತೀರ್ಮಾನಿಸಲು ವೈದ್ಯರಿಗೆ ಅದು ನೆರವಾಗುತ್ತದೆ. ಮೂರನೆಯದಾಗಿ, ಕಷಾಯ ಕುಡಿಯುವವರು ಅದನ್ನು ವೈದ್ಯರಿಂದ ಬಚ್ಚಿಡಬಾರದು. ಪ್ರಾಣಾಯಾಮದಂಥ ನಿಧಾನದ ಉಸಿರಾಟದ ಅಭ್ಯಾಸದಿಂದ ಎಷ್ಟೋ ರೋಗಿಗಳಿಗೆ ನೆಮ್ಮದಿ ಸಿಗುತ್ತದೆ; ಆದರೆ ಅದು ಔಷಧದ ಜೊತೆಗೆ ನಡೆಯಬೇಕಾದದ್ದು, ಔಷಧದ ಬದಲಿಗಲ್ಲ. ಕಡೆಯದಾಗಿ, ಒಂದು ವಾಕ್ಯವನ್ನು ಪೂರ್ತಿ ಆಡಲಾಗದಷ್ಟು ಏದುಸಿರು ಬಂದರೆ, ತುಟಿ ನೀಲಿಗಟ್ಟಿದರೆ, ಬೆಳಗಾಗಲೆಂದು ಕಾಯದೆ 108ಕ್ಕೆ ಕರೆ ಮಾಡಬೇಕು.

ಕಡಕೊಳದ ಆ ಮನೆಯಲ್ಲಿ ಸೊಸೆ ಈಗ ಕಪಾಟಿನಿಂದ ಸೇದುವ ಔಷಧಿಯನ್ನು ಹುಡುಕಿ ತರಲಿ. ಬೆಳಗಾದ ಮೇಲೆ ಅತ್ತೆಯನ್ನು ವೈದ್ಯರ ಬಳಿಗೆ ಕರೆದೊಯ್ಯಲಿ. ಮಗ ಹಂಡೆಯ ಸೌದೆ ಒಲೆಗೆ ಬದಲಿ ವ್ಯವಸ್ಥೆ ಮಾಡಲಿ. ಸಂಜೆ ದೀಪ ಹಚ್ಚಿದ ಮೇಲೆ ಅತ್ತೆಯ ಪಕ್ಕದಲ್ಲಿ ಕುಳಿತು, ತೀರಿಹೋದ ಮಾವನವರ ಮಾತನ್ನು ಅವರ ಬಾಯಿಂದಲೇ ಕೇಳಲಿ. ದುಃಖಕ್ಕೂ ಉಸಿರಿಗೂ ನಂಟುಂಟೆಂದ ಚೀನೀ ವೈದ್ಯನ ಮಾತನ್ನು ಆಗ ಆ ಮನೆ ಸರಿಯಾಗಿ ನಡೆಸಿಕೊಟ್ಟಂತಾಯಿತು.