ಸೋರುವುದು ಹಳೆ ಕಾರಿನ ಹುಟ್ಟುಗುಣವಲ್ಲ

ಹಳೆ ಕಾರು ಅಂದಮೇಲೆ ಆಯಿಲ್ ಸೋರದೆ ಇರುತ್ತದೆಯೇ ಎಂಬ ಮಾತು ಮಾಲೀಕರ ಬಾಯಲ್ಲೂ ಗ್ಯಾರೇಜುಗಳಲ್ಲೂ ಎಷ್ಟು ಸಲೀಸಾಗಿ ಓಡಾಡುತ್ತದೆಂದರೆ, ಅದನ್ನು ಯಾರೂ ಪ್ರಶ್ನಿಸುವುದೇ ಇಲ್ಲ. 2014ರಲ್ಲಿ ಅಂಬಾಸಿಡರ್ ತಯಾರಾಗುತ್ತಿದ್ದ ಉತ್ತರಪಾರಾ ಕಾರ್ಖಾನೆ ಬಾಗಿಲು ಮುಚ್ಚಿದ ಮೇಲೆ ಆ ಕಾರಿಗೂ, ಅದಕ್ಕಿಂತ ಎಷ್ಟೋ ಮೊದಲೇ ತಯಾರಿಕೆ ನಿಂತ ಪ್ರೀಮಿಯರ್ ಪದ್ಮಿನಿಗೂ ಹೊಸ ಅಭಿಮಾನಿಗಳು ಹುಟ್ಟಿಕೊಂಡಿದ್ದಾರೆ. ಹುಡುಕಿ ತಂದು, ಬಣ್ಣ ಹೊಡೆಸಿ, ಬಂಪರ್‌ಗೆ ಕ್ರೋಮ್ ಹಾಕಿಸಿ, ಸೀಟಿಗೆ ಹೊಸ ಹೊದಿಕೆ ಹೊಲಿಸುತ್ತಾರೆ. ಅದೆಲ್ಲ ಸಂತೋಷದ ವಿಷಯವೇ. ಆದರೆ ಅದೇ ಕಾರು ನಿಂತ ಜಾಗದಲ್ಲಿ, ಗೇರ್‌ಬಾಕ್ಸಿನ ಹಿಂಬದಿಯ ಕೆಳಗೆ, ಅಂಗೈಯಗಲದ ಕಪ್ಪು ಕಲೆ ಬಿದ್ದಿರುತ್ತದೆ. ಅಲ್ಲೊಂದು ಹಳೆ ತಟ್ಟೆ ಇಟ್ಟು ಸುಮ್ಮನಾಗುತ್ತಾರೆ. ವಯಸ್ಸಿನ ಮೇಲೆ ಹೊರಿಸುವ ಈ ದೋಷ ನಿಜಕ್ಕೂ ನಮ್ಮ ಜಿಪುಣತನದ್ದು. ನೂರಾರು ರೂಪಾಯಿಯ ಆಯಿಲ್ ಸೀಲ್ ಕೊಳ್ಳಲು ಯಾರೂ ಹಿಂಜರಿಯುವುದಿಲ್ಲ. ಅದು ಯಾಕೆ ಸೋರಿತು ಎಂದು ಮೆಕ್ಯಾನಿಕ್ ಹುಡುಕುವ ಹೊತ್ತಿಗೆ ದುಡ್ಡು ಕೊಡಲು ಮಾತ್ರ ನಾವು ತಯಾರಿಲ್ಲ.

ಆಯಿಲ್ ಸೀಲ್ ನೋಡಲು ಅತಿ ಸರಳ. ಲೋಹದ ಚೌಕಟ್ಟು, ಅದಕ್ಕೆ ಅಂಟಿದ ರಬ್ಬರಿನ ತೆಳು ತುಟಿ, ತುಟಿಯ ಬೆನ್ನಿಗೆ ಬಳೆಯಂತೆ ಸುತ್ತಿದ ಸಣ್ಣ ಸ್ಪ್ರಿಂಗ್. ತುಟಿ ಶಾಫ್ಟ್ ಮೇಲೆ ಒಣಗಿ ಉಜ್ಜುವುದಿಲ್ಲ, ಕಣ್ಣಿಗೆ ಕಾಣದಷ್ಟು ತೆಳುವಾದ ಆಯಿಲ್ ಪದರದ ಮೇಲೆ ಜಾರುತ್ತಿರುತ್ತದೆ. ಹೀಗಾಗಿ ವಾರಕ್ಕೆ ನಾಲ್ಕು ದಿನ ಓಡುವ ಕಾರಿಗಿಂತ ತಿಂಗಳುಗಟ್ಟಲೆ ಹೊದಿಕೆ ಹೊದ್ದು ನಿಂತ ಕಾರಿನ ಸೀಲ್ ಬೇಗ ಹಾಳಾಗುತ್ತದೆ: ತುಟಿ ಒಣಗಿ ಗಡುಸಾಗುತ್ತದೆ, ಅದು ಒತ್ತಿಕೊಂಡ ಕಡೆ ಶಾಫ್ಟ್‌ಗೆ ತುಕ್ಕಿನ ಗೆರೆ ಬೀಳುತ್ತದೆ. ರಸ್ತೆಯ ಧೂಳು ಮೆತ್ತನೆಯ ರಬ್ಬರಿನಲ್ಲಿ ಹೂತುಕೊಂಡು, ವರ್ಷಗಟ್ಟಲೆ ಸವೆಸಿ ಸವೆಸಿ, ಗಟ್ಟಿ ಉಕ್ಕಿನಲ್ಲೇ ತೋಡು ಕೊರೆಯುವುದೂ ಉಂಟು. ಇಷ್ಟೇ ಅಲ್ಲ. ಗೇರ್‌ಬಾಕ್ಸ್ ಬಿಸಿಯಾದಾಗ ಒಳಗಿನ ಗಾಳಿ ಹಿಗ್ಗುತ್ತದೆ, ಅದು ಹೊರಹೋಗಲೆಂದು ಒಂದು ಸಣ್ಣ ಬ್ರೀದರ್ ತೂತು ಇರುತ್ತದೆ. ಆ ತೂತು ಕೆಸರಿನಿಂದ ಮುಚ್ಚಿದ್ದರೆ ಗಾಳಿಯ ಒತ್ತಡ ಆಯಿಲನ್ನು ಸೀಲ್ ದಾಟಿಸಿ ತಳ್ಳುತ್ತದೆ. ಹಿಂಭಾಗದ ಬುಷ್ ಸವೆದಿದ್ದರೂ, ಪ್ರೊಪೆಲ್ಲರ್ ಶಾಫ್ಟಿನ ಕ್ರಾಸ್ ಸಡಿಲವಾಗಿದ್ದರೂ ಶಾಫ್ಟ್ ಅಲುಗಾಡಿ, ತುಟಿಗೆ ಅದರ ಜೊತೆ ಹೊಂದಿಕೊಳ್ಳಲು ಆಗುವುದಿಲ್ಲ. ಇವುಗಳಲ್ಲಿ ಯಾವುದನ್ನೂ ಹೊಸ ಸೀಲ್ ಸರಿಮಾಡದು. ಕಾರಣವನ್ನು ಹಾಗೇ ಬಿಟ್ಟು ಸೀಲ್ ಮಾತ್ರ ಬದಲಿಸಿದ ಕಾರು ಮತ್ತೆ ಸೋರುತ್ತದೆ. ಆಗ "ಹಳೆ ಕಾರಲ್ವಾ" ಎಂಬ ನಂಬಿಕೆಗೆ ಇನ್ನೊಂದು ಸಾಕ್ಷಿ ಸಿಕ್ಕಂತಾಗುತ್ತದೆ.

ಕೆಲಸವನ್ನು ಹತ್ತಿರದಿಂದ ನೋಡಿದರೆ ಹೊತ್ತು ಎಲ್ಲಿ ಹೋಗುತ್ತದೆಂದು ತಿಳಿಯುತ್ತದೆ. ಪ್ರೊಪೆಲ್ಲರ್ ಶಾಫ್ಟಿನ ಮುಂದಿನ ಯೋಕ್ ಗೇರ್‌ಬಾಕ್ಸಿನೊಳಗೆ ಜಾರಿ ಕೂರುವ ಬಗೆಯ ಕಾರಿನಲ್ಲಿ, ಮೊದಲು ಆಯಿಲ್ ಇಳಿಸಬೇಕು. ಹಿಂದಿನ ಎರಡು ಫ್ಲ್ಯಾಂಜುಗಳ ಮೇಲೂ ಪಂಚಿನಿಂದ ಗುರುತು ಹೊಡೆದು, ಆಮೇಲೆ ಬೋಲ್ಟ್ ಬಿಚ್ಚಬೇಕು. ಗುರುತಿಲ್ಲದೆ ತಿರುಗಾಮುರುಗಾ ಕೂರಿಸಿದರೆ ಮೊದಲಿಲ್ಲದ ನಡುಕ ಶುರುವಾಗಬಹುದು. ಶಾಫ್ಟ್ ಎಳೆದ ಮೇಲೆ ಹಳೆ ಸೀಲನ್ನು ಹೌಸಿಂಗ್‌ಗೆ ಗೀರು ಬೀಳದ ಹಾಗೆ ಕೀಳಬೇಕು. ಇನ್ನು ಇಡೀ ಕೆಲಸದ ತೀರ್ಪು ಸಿಗುವ ಗಳಿಗೆ: ಯೋಕ್ ಒರೆಸಿ, ಸೀಲ್ ಕೂರುವ ಜಾಗದಲ್ಲಿ ಉಗುರು ಆಡಿಸಿ ನೋಡಬೇಕು. ಉಗುರು ಎಲ್ಲಾದರೂ ಸಿಕ್ಕಿಕೊಂಡರೆ ಅಲ್ಲಿ ತೋಡು ಬಿದ್ದಿದೆ ಎಂದೇ ಅರ್ಥ. ಆಗ ತೆಳು ಉಕ್ಕಿನ ಸ್ಲೀವ್ ಹಾಕಬೇಕು, ಇಲ್ಲವೇ ಹೌಸಿಂಗ್‌ನಲ್ಲಿ ಆಳವಿದ್ದರೆ ಹೊಸ ಸೀಲನ್ನು ಒಂದೆರಡು ಮಿಲಿಮೀಟರ್ ಹಿಂದೆಮುಂದೆ ಕೂರಿಸಿ, ತುಟಿ ಸವೆಯದ ಜಾಗಕ್ಕೆ ತಾಗುವಂತೆ ಮಾಡಬೇಕು. ಸ್ಪ್ರಿಂಗ್ ಇರುವ ಮಗ್ಗುಲು ಆಯಿಲ್ ಕಡೆಗಿರಬೇಕು, ತುಟಿಗೆ ಆಯಿಲ್ ಸವರಿರಬೇಕು, ಸುತ್ತಲೂ ಸಮನಾಗಿ ಒತ್ತುವ ಪೈಪಿನ ತುಂಡಿಟ್ಟು ತಟ್ಟಬೇಕು. ಬರೀ ಸುತ್ತಿಗೆಯಿಂದ ಒಂದು ಅಂಚಿಗೆ ಹೊಡೆದರೆ ಚೌಕಟ್ಟು ಸೊಟ್ಟಗಾಗಿ, ಹೊಸ ಸೀಲ್ ಮೊದಲ ದಿನವೇ ಸೋರುತ್ತದೆ.

ಸೀಲಿನ ಬೆಲೆಗೆ ಹೋಲಿಸಿದರೆ ಮಜೂರಿ ವಿಪರೀತ, ತಿಂಗಳಿಗೊಮ್ಮೆ ಸ್ವಲ್ಪ ಗೇರ್ ಆಯಿಲ್ ಹಾಕಿದರೆ ಆಯಿತಲ್ಲ ಎನ್ನುವವರಿದ್ದಾರೆ. ವರ್ಷಕ್ಕೆ ಕೆಲವೇ ನೂರು ಕಿಲೋಮೀಟರ್ ಓಡುವ ಕಾರಿಗೆ ಈ ಲೆಕ್ಕ ಸರಿ ಎನಿಸುತ್ತದೆ. ಆದರೆ ಎಂಜಿನ್ ಆಯಿಲ್ ಕಮ್ಮಿಯಾದರೆ ಹೇಳಲು ಡಿಪ್‌ಸ್ಟಿಕ್ ಇದೆ, ಒತ್ತಡ ಇಳಿದರೆ ಡ್ಯಾಶ್‌ಬೋರ್ಡಿನಲ್ಲಿ ದೀಪ ಹೊತ್ತುತ್ತದೆ. ಗೇರ್‌ಬಾಕ್ಸಿಗೆ ಅಂಥ ದೀಪವಿಲ್ಲ. ಬಹಳಷ್ಟು ಕಾರುಗಳಲ್ಲಿ ಅಡಿಗೆ ನುಸುಳಿ ಪ್ಲಗ್ ಬಿಚ್ಚಿಯೇ ಮಟ್ಟ ನೋಡಬೇಕು. ತಿಂಗಳಿಗೊಮ್ಮೆ ಎಂದುಕೊಂಡದ್ದು ಮೂರು ತಿಂಗಳಾಗುತ್ತದೆ, ಕೊನೆಗೆ ಬೇರಿಂಗ್ ಕಿರುಗುಟ್ಟಿದಾಗ ನೆನಪಾಗುತ್ತದೆ. ಅಷ್ಟು ಹೊತ್ತಿಗೆ ಹಲ್ಲು ಸವೆದ ಗೇರುಗಳಿಗೆ ಹೊಸದನ್ನು ಎಲ್ಲಿಂದ ತರುವುದು? ಸೀಲನ್ನಾದರೆ ಒಳವ್ಯಾಸ, ಹೊರವ್ಯಾಸ, ಅಗಲ ಎಂಬ ಮೂರು ಅಳತೆ ಹೇಳಿ ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ಹುಡುಕಬಹುದು, ಇಂಚಿನ ಅಳತೆಯ ಬ್ರಿಟಿಷ್ ವಿನ್ಯಾಸದ ಕಾರಿಗೆ ಮಿಲಿಮೀಟರಿನ "ಹತ್ತಿರದ ಸೈಜ್" ತಂದು ಕೂರಿಸದಿದ್ದರೆ ಸಾಕು. ನಿಂತುಹೋದ ಮಾದರಿಯ ಗೇರಿಗೆ ಹಾಗೆ ಅಳತೆ ಹೇಳಿ ಕೊಳ್ಳುವ ಅಂಗಡಿಯಿಲ್ಲ.

ಇದಕ್ಕಿಂತ ಗಟ್ಟಿಯಾದ ಆಕ್ಷೇಪವೂ ಇದೆ: ಕೆಲವು ಕಾರುಗಳು ಹೊಸದಿದ್ದಾಗಲೇ ಸೋರುತ್ತಿದ್ದವು. ಇದು ನಿಜ. ಅಂಬಾಸಿಡರ್‌ನಲ್ಲಿ ದಶಕಗಳ ಕಾಲ ಕೂತಿದ್ದ ಬಿ.ಎಂ.ಸಿ. ಎಂಬ ಬ್ರಿಟಿಷ್ ಕಂಪನಿಯ 1489 ಸಿಸಿಯ ಎಂಜಿನ್ನಿನ ಕ್ರ್ಯಾಂಕ್ ಶಾಫ್ಟಿನ ಹಿಂತುದಿಯಲ್ಲಿ ರಬ್ಬರ್ ತುಟಿಯ ಸೀಲೇ ಇರಲಿಲ್ಲ. ಆಯಿಲನ್ನು ಒಳಕ್ಕೆ ತಿರುಗಿಸಿ ಕಳಿಸುವ ತಿರುಪಿನ ಗೆರೆಗಳನ್ನೇ ಅದು ನಂಬಿತ್ತು. ಎಂಜಿನ್ ನಿಂತಾಗ ಅಲ್ಲಿಂದ ಒಂದೆರಡು ಹನಿ ಬಿದ್ದರೆ ಅದನ್ನು ಒಪ್ಪಿಕೊಳ್ಳೋಣ. ಆದರೆ ಆ ಹನಿ ಬೀಳುವುದು ಕ್ಲಚ್ ಹೌಸಿಂಗ್ ಕೆಳಗೆ, ಬೀಳುವುದು ಎಂಜಿನ್ ಆಯಿಲ್. ಗೇರ್‌ಬಾಕ್ಸಿನ ಹಿಂಬದಿಯ ಸೋರಿಕೆಗೆ ಈ ವಿನಾಯಿತಿ ಸಲ್ಲದು, ಅಲ್ಲಿ ತುಟಿಯ ಸೀಲೇ ಇದೆ. ಕೆಳಭಾಗವನ್ನು ತೊಳೆದು ಒರೆಸಿ, ಸ್ವಲ್ಪ ಓಡಿಸಿ, ರಾತ್ರಿ ಅಡಿಗೆ ರಟ್ಟು ಹಾಸಿಟ್ಟರೆ ಯಾವ ಆಯಿಲ್ ಎಲ್ಲಿಂದ ಬರುತ್ತಿದೆ ಎಂಬುದು ಬೆಳಗ್ಗೆ ಕಾಣುತ್ತದೆ. ಗೇರ್ ಆಯಿಲಿನ ಗಂಧಕದ ವಾಸನೆ ಒಮ್ಮೆ ಮೂಗಿಗೆ ಹೊಕ್ಕರೆ ಮರೆಯುವಂಥದ್ದಲ್ಲ.

ಹೊಸ ಕಾಲದ ರಬ್ಬರ್ ಸೀಲ್ ಅಥವಾ ಸ್ಲೀವ್ ಹಾಕಿದರೆ ಕಾರಿನ ಮೂಲರೂಪ ಕೆಡುತ್ತದೆ ಎಂಬ ಅಂಜಿಕೆ ಇನ್ನು ಕೆಲವರದು. ಕೇಂದ್ರ ಸರ್ಕಾರ 2021ರ ಜುಲೈನಲ್ಲಿ ತಂದ ವಿಂಟೇಜ್ ವಾಹನ ನಿಯಮ 50 ವರ್ಷ ದಾಟಿದ ಕಾರುಗಳಲ್ಲಿ ಮೂಲರೂಪವನ್ನು ಬಯಸುತ್ತದೆಯಾದರೂ, ಅದು ಬೇಡವೆನ್ನುವುದು ಚಾಸಿ, ಬಾಡಿ ಶೆಲ್, ಎಂಜಿನ್‌ಗಳ ದೊಡ್ಡ ಮಾರ್ಪಾಡನ್ನು. ಸೀಲ್ ಸವೆದು ಬದಲಾಗಲೆಂದೇ ಮಾಡಿದ ಬಿಡಿಭಾಗ. ಅದನ್ನು ಉಳಿಸಲು ಹೋಗಿ ಮೂಲ ಗೇರುಗಳನ್ನು ಕಳೆದುಕೊಳ್ಳುವುದರಲ್ಲಿ ಯಾವ ಸಂರಕ್ಷಣೆಯೂ ಇಲ್ಲ. 2022ರ ಏಪ್ರಿಲ್‌ನಲ್ಲಿ 15 ವರ್ಷ ದಾಟಿದ ಕಾರಿನ ನೋಂದಣಿ ನವೀಕರಣ ಶುಲ್ಕ 600ರಿಂದ 5,000 ರೂಪಾಯಿಗೆ ಏರಿದ್ದನ್ನೂ ಇಲ್ಲಿ ನೆನೆಯಬೇಕು. ಹಳೆ ವಾಹನವೆಂದರೆ ಕೊಳಕು ಎಂಬ ಭಾವನೆ ಸರ್ಕಾರದಲ್ಲೂ ಜನರಲ್ಲೂ ಬಲವಾಗುತ್ತಿದೆ. ಸಿಗ್ನಲ್‌ನಲ್ಲಿ ನಾವು ತೊಟ್ಟಿಕ್ಕಿಸಿ ಹೋದ ಆಯಿಲ್ ಮೊದಲ ಮಳೆಯಲ್ಲಿ ಡಾಂಬರಿನ ಮೇಲೆ ಹರಡಿ ಸ್ಕೂಟರ್ ಸವಾರನನ್ನು ಬೀಳಿಸಿದರೆ, ಹಳೆ ಕಾರುಗಳ ಪರವಾಗಿ ನಾವು ಯಾವ ಮುಖ ಹೊತ್ತು ಮಾತಾಡುವುದು?

ಹಾಗಾಗಿ ಬದಲಾವಣೆ ಬಿಲ್ಲಿನಿಂದಲೇ ಶುರುವಾಗಲಿ. ಸೋರಿಕೆಯ ಕಾರಣ ಹುಡುಕಿದ್ದಕ್ಕೆ ಇಷ್ಟು ಎಂದು ಮೆಕ್ಯಾನಿಕ್ ಬೇರೆ ಸಾಲಿನಲ್ಲಿ ಬರೆಯಲಿ, ನಾವು ಚೌಕಾಸಿ ಮಾಡದೆ ಕೊಡೋಣ. ಆ ಹೊತ್ತಿಗೆ ಬೆಲೆ ಸಿಕ್ಕರೆ ಮಾತ್ರ ಉಗುರು ಆಡಿಸಿ ನೋಡುವ ಕೈಗಳು ಈ ಕಸುಬಿನಲ್ಲಿ ಉಳಿಯುತ್ತವೆ. ವಿಂಟೇಜ್ ಕಾರು ರ‍್ಯಾಲಿಗಳಲ್ಲಿ ಬಹುಮಾನ ಕೊಡುವವರೂ ಬಣ್ಣ ಮತ್ತು ಕ್ರೋಮಿಗೆ ಅಂಕ ಹಾಕುವ ಮುನ್ನ ಪ್ರತಿ ಕಾರಿನ ಅಡಿಗೂ ಒಂದೊಂದು ರಟ್ಟು ಹಾಸಲಿ.