ಎಳೆಯ ಮಕ್ಕಳಿಗೆ ‘ಮೀನಿಂಗ್’ ಪಟ್ಟಿ ಬೇಡ

ಆರೇಳು ವರ್ಷದ ಮಕ್ಕಳ ನೋಟ್‌ಬುಕ್ಕಿನಲ್ಲಿ ನಡುವೆ ಗೆರೆ ಎಳೆಸಿ, ಎಡಕ್ಕೆ ಇಂಗ್ಲಿಷ್ ಪದ, ಬಲಕ್ಕೆ ಅದರ ಕನ್ನಡ ಅರ್ಥ ಬರೆಸುವ ರೂಢಿ ನಿಲ್ಲಬೇಕು. ಹಾಸನ ಜಿಲ್ಲೆಯ ಹಳ್ಳಿಯೊಂದರ ಸರ್ಕಾರಿ ಶಾಲೆಯಲ್ಲಿ ನಲಿ-ಕಲಿ ತರಗತಿ ನಡೆಸುವವಳಾಗಿ ಈ ಮಾತು ಹೇಳುತ್ತಿದ್ದೇನೆ. ಮಕ್ಕಳು ಆ ಪಟ್ಟಿಯನ್ನು ತಡವರಿಸದೆ ಒಪ್ಪಿಸುತ್ತಾರೆ, ನಿಜ. ಆದರೆ ಎಷ್ಟೋ ಸಲ ಎಡಗಡೆಯ ಪದವೂ ಅವರಿಗೆ ಗೊತ್ತಿರುವುದಿಲ್ಲ, ಬಲಗಡೆಯದೂ ಗೊತ್ತಿರುವುದಿಲ್ಲ.

‘ವೇರ್’ ಪದವನ್ನೇ ನೋಡಿ. ಗೈಡು ಬಿಡಿಸಿದರೆ ‘ಧರಿಸು’ ಎಂದಿರುತ್ತದೆ. ನಮ್ಮೂರಿನ ಯಾವ ಮನೆಯಲ್ಲಿ ಮಗುವಿಗೆ ‘ಅಂಗಿ ಧರಿಸು’ ಎನ್ನುತ್ತಾರೆ? ಅಂಗಿ ಹಾಕ್ಕೋ ಅನ್ನುತ್ತಾರೆ. ಅಜ್ಜಿ ಸೀರೆ ಉಡುತ್ತಾಳೆ, ಅಕ್ಕ ಹೂ ಮುಡಿಯುತ್ತಾಳೆ, ಅಪ್ಪ ವಾಚು ಕಟ್ಟುತ್ತಾನೆ, ತಾತ ಚಪ್ಪಲಿ ಮೆಟ್ಟಿ ತೋಟಕ್ಕೆ ಹೊರಡುತ್ತಾನೆ. ಮಗುವಿನ ತಲೆಯಲ್ಲಿ ಇವೆಲ್ಲ ಬೇರೆ ಬೇರೆ ಕೆಲಸಗಳು. ಇವಿಷ್ಟಕ್ಕೂ ಇಂಗ್ಲಿಷಿನಲ್ಲಿ ಒಂದೇ ಪದ ಸಾಕೆಂಬುದನ್ನು ಪುಸ್ತಕದ ‘ಧರಿಸು’ ಹೇಗೆ ತಿಳಿಸೀತು?

ಈ ಪದ ಕಲಿಸುವ ದಿನ ನಾನು ಚೀಲದಲ್ಲಿ ಒಂದು ಹಳೆಯ ಶಾಲು, ಬಳೆ, ಕನ್ನಡಕ, ಕನಕಾಂಬರದ ದಂಡೆ, ಟೋಪಿ ಒಯ್ಯುತ್ತೇನೆ. ಒಬ್ಬೊಬ್ಬರೇ ಬಂದು ಕೈಗೆ ಸಿಕ್ಕಿದ್ದನ್ನು ಹಾಕಿಕೊಳ್ಳಬೇಕು, ಮಿಕ್ಕವರು ಇಂಗ್ಲಿಷಿನಲ್ಲಿ ಹೇಳಬೇಕು. ಹೀಗೇ ಒಮ್ಮೆ ಹೂ ಮುಡಿದು ನಿಂತ ಹುಡುಗಿ ಕೇಳಿದಳು: ‘ಮಿಸ್, ಇದಕ್ಕೂ ವೇರೇನಾ?’ ಹೂಂ ಎಂದೆ. ‘ಕನ್ನಡಕಕ್ಕೂ?’ ಅದಕ್ಕೂ. ಅವಳು ಸುಮ್ಮನಾಗಲಿಲ್ಲ. ಮೂಲೆಯಲ್ಲಿದ್ದ ಕೊಡೆ ತಂದು ಬಿಚ್ಚಿ ತಲೆಯ ಮೇಲೆ ಹಿಡಿದು, ‘ಹಂಗಾದ್ರೆ ಇದಕ್ಕೆ?’ ಎಂದಳು. ನಾನು ಉತ್ತರ ಕೊಡದೆ ತರಗತಿಯತ್ತ ನೋಡಿದೆ. ಜೋರು ವಾದವೇ ನಡೆಯಿತು. ಕೊನೆಗೆ ಹಿಂದೆ ಕೂತಿದ್ದ ಹುಡುಗನೊಬ್ಬ ತೀರ್ಪು ಕೊಟ್ಟ: ‘ಕೈ ಬಿಟ್ರೆ ಬಿದ್ದೋಗುತ್ತೆ, ಅದು ವೇರ್ ಅಲ್ಲ.’ ಪದವೊಂದು ಎಲ್ಲಿಯವರೆಗೆ ಸಲ್ಲುತ್ತದೆ, ಎಲ್ಲಿಂದಾಚೆ ಸಲ್ಲುವುದಿಲ್ಲ ಎಂದು ಕಂಡುಕೊಳ್ಳುವುದೇ ಅರ್ಥ ತಿಳಿಯುವುದು. ಅಷ್ಟನ್ನೂ ಅವರು ಕನ್ನಡದಲ್ಲೇ ಜಗಳಾಡಿ ಕಂಡುಕೊಂಡರು.

ಆಪಲ್, ಕ್ಯಾಟ್ ಕಲಿಸುವುದು ಕಷ್ಟವಲ್ಲ. ಚಿತ್ರ ತೋರಿಸಿದರೆ ಮುಗಿಯಿತು. ತೊಡಕಿರುವುದು ಆನ್, ಹ್ಯಾವ್, ಗೆಟ್‌ನಂಥ ಚಿಕ್ಕ ಪದಗಳಲ್ಲಿ. ಮಕ್ಕಳು ಮನೆಯಿಂದಲೇ ಕಲಿತು ಬರುವ ‘ಆನ್’ ಸ್ವಿಚ್ಚಿನದು. ಅವರಿಗೆ ‘ಆನ್ ಎಂದರೆ ಮೇಲೆ’ ಎಂದು ಬರೆಸಿದರೆ, ತಲೆ ಮೇಲೆ ತಿರುಗುವ ಫ್ಯಾನಿಗೂ ಅದನ್ನೇ ಹಚ್ಚುತ್ತಾರೆ. ನಾನು ಡಸ್ಟರನ್ನು ಮೇಜಿನ ಮೇಲಿಟ್ಟು, ಹಾಳೆಯನ್ನು ಗೋಡೆಗೆ ಅಂಟಿಸಿ, ಸೂರಿಗೆ ಕಚ್ಚಿಕೊಂಡ ಹಲ್ಲಿಯನ್ನೂ ತೋರಿಸಿ ಆನ್ ಎನ್ನುತ್ತೇನೆ. ಆಮೇಲೆ ಡಸ್ಟರನ್ನು ಮೇಜಿನಿಂದ ಗೇಣುದ್ದ ಎತ್ತಿ ಹಿಡಿದು, ಈಗ ಅಲ್ಲ ಎನ್ನುತ್ತೇನೆ. ತಾಗಿರಬೇಕು ಎಂಬುದು ಅವರಿಗೆ ಅಲ್ಲೇ ಹೊಳೆಯುತ್ತದೆ.

ಇದು ಹೊಸ ವಿಚಾರವೇನಲ್ಲ. ಢಾಕಾದಲ್ಲಿ ಬಂಗಾಳಿ ಮಕ್ಕಳ ನಡುವೆ ಕೆಲಸ ಮಾಡಿದ ಮೈಕೇಲ್ ವೆಸ್ಟ್ 1935ರಲ್ಲೇ ಒಂದು ನಿಘಂಟು ತಂದರು. ಅದರಲ್ಲಿ ಸುಮಾರು 24,000 ಪದ, ನುಡಿಗಟ್ಟುಗಳನ್ನು ವಿವರಿಸಲು ಅವರು ಬಳಸಿದ್ದು 1,490 ಪದಗಳನ್ನು ಮಾತ್ರ. ವಿವರಿಸುವ ಪದ ಕಲಿಯುವವನಿಗೆ ಮೊದಲೇ ಗೊತ್ತಿರಬೇಕು ಎಂಬುದೇ ಅವರ ಹಟ. 1987ರಲ್ಲಿ ಬಂದ ಕೋಬಿಲ್ಡ್ ನಿಘಂಟು ಇನ್ನೂ ಮುಂದೆ ಹೋಗಿ, ಪದವನ್ನು ಪೂರ್ತಿ ವಾಕ್ಯದೊಳಗೆ ಕೂರಿಸಿಯೇ ಅರ್ಥ ಹೇಳಿತು. ದೊಡ್ಡವರಿಗೇ ಇಷ್ಟು ಆಸರೆ ಬೇಕಾದರೆ ನಮ್ಮ ಚಿಕ್ಕ ಮಕ್ಕಳಿಗೆ ಒಂಟಿ ಪದ ಸಾಕಾದೀತೇ?

ಸರ್ಕಾರಿ ಶಾಲೆಗಳಲ್ಲಿ ಒಂದನೇ ತರಗತಿಯಿಂದ ಇಂಗ್ಲಿಷ್ ಬಂದದ್ದು 2007-08ರಲ್ಲಿ. 2019-20ರಲ್ಲಿ ಸಾವಿರ ಶಾಲೆಗಳಲ್ಲಿ ಇಂಗ್ಲಿಷ್ ಮಾಧ್ಯಮದ ತರಗತಿಗಳೂ ಶುರುವಾದವು. ಬೇಕೋ ಬೇಡವೋ ಎಂಬ ವಾದಕ್ಕೆ ನಾನಿಲ್ಲಿ ಇಳಿಯುವುದಿಲ್ಲ. ಇಂಗ್ಲಿಷ್ ಕಲಿಸುವುದೆಂದಾದ ಮೇಲೆ ಹೇಗೆ ಕಲಿಸುತ್ತೇವೆ ಎಂಬುದು ನನ್ನ ಚಿಂತೆ. 1995ರಲ್ಲಿ ಹೆಗ್ಗಡದೇವನಕೋಟೆಯಲ್ಲಿ ನಲಿ-ಕಲಿ ಶುರುವಾದಾಗ ಆಟ, ಹಾಡು, ಕಾರ್ಡುಗಳೇ ಅದರ ಜೀವಾಳ. ಕನ್ನಡಕ್ಕೂ ಗಣಿತಕ್ಕೂ ಒಗ್ಗಿದ ಆ ಕ್ರಮ, ಇಂಗ್ಲಿಷ್ ಪೀರಿಯಡ್ ಬಂದ ಕೂಡಲೇ ಎಷ್ಟೋ ಕಡೆ ಬದಿಗೆ ಸರಿದು, ಬೋರ್ಡಿನ ಮೇಲೆ ಎರಡು ಕಾಲಮ್ ಏಳುತ್ತವೆ. ಇನ್ನು ಕೆಲವು ಕಡೆ ಇಂಗ್ಲಿಷ್ ಪೀರಿಯಡ್‌ನಲ್ಲಿ ಕನ್ನಡ ಮಾತಾಡಿದರೆ ಗದರುತ್ತಾರೆ. ಆರು ವರ್ಷದ ಮಗುವಿನ ಯೋಚನೆಯೆಲ್ಲ ನಡೆಯುವುದು ಕನ್ನಡದಲ್ಲಿ. ಅದನ್ನು ಬಾಗಿಲಾಚೆ ಬಿಟ್ಟು ಬಾ ಎನ್ನುವುದು ಕ್ರೌರ್ಯ.

ಒಂದೊಂದು ಪದಕ್ಕೆ ಇಷ್ಟು ಹೊತ್ತು ಕೊಟ್ಟರೆ ಪಾಠ ಮುಗಿಯುವುದು ಯಾವಾಗ ಎಂದು ಸಹೋದ್ಯೋಗಿಗಳು ಕೇಳುತ್ತಾರೆ. ಮೂರು ತರಗತಿಗಳನ್ನು ಒಟ್ಟಿಗೆ ಕೂರಿಸಿಕೊಂಡು ನಡೆಸುವವರ ಕಷ್ಟ ನನಗೆ ಗೊತ್ತು, ಅದು ನನ್ನದೂ ಹೌದು. ಅದಕ್ಕೇ ಪಠ್ಯಪುಸ್ತಕ ಮಾಡುವವರಲ್ಲಿ ನನ್ನ ಕೋರಿಕೆ: ಪದಗಳನ್ನು ಅರ್ಧಕ್ಕೆ ಇಳಿಸಿ. ಪಾಠದ ಕೊನೆಯಲ್ಲಿ ಪದಪಟ್ಟಿಯ ಬದಲು ಪ್ರತಿ ಪದಕ್ಕೂ ಎರಡು ಮೂರು ಚಿಕ್ಕ ವಾಕ್ಯ ಕೊಡಿ. ಕನ್ನಡದಲ್ಲಿ ವಿವರಿಸುವ ಕಡೆ ಮನೆಯಲ್ಲಿ ಆಡುವ ಕನ್ನಡ ಬಳಸಿ.

ಮೀನಿಂಗ್ ಬರೆಸಿಲ್ಲವಲ್ಲ ಎಂದು ಶಾಲೆಗೆ ಬಂದು ವಿಚಾರಿಸುವ ತಂದೆ ತಾಯಂದಿರಲ್ಲೂ ಒಂದು ಬೇಡಿಕೆ. ಸಂಜೆ ಮಗುವನ್ನು ‘ಓಪನ್ ಅಂದ್ರೇನು’ ಎಂದು ಕೇಳಬೇಡಿ. ಡಬ್ಬಿ, ಬಾಗಿಲು, ಕೊಡೆ, ಕಣ್ಣು — ಯಾವ್ಯಾವುದನ್ನು ಓಪನ್ ಮಾಡಬಹುದು, ಮಾಡಿ ತೋರಿಸು ಎನ್ನಿ. ನಿಮಗೆ ಇಂಗ್ಲಿಷ್ ಬಾರದಿದ್ದರೂ ಅದನ್ನು ಕೇಳಬಹುದು.